ತಂಡ ಸೋತರೆ ಕ್ವಾರ್ಟರ್‌ಬ್ಯಾಕ್ ಹುಡುಗನೇ ಯಾಕೆ ಹೊಣೆ?

ಅಮೆರಿಕದ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಪ್ಲೇಆಫ್ ಶುರುವಾದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು. "ಆ ಹುಡುಗನ ಕೈಲಿ ದೊಡ್ಡ ಪಂದ್ಯ ಗೆಲ್ಲೋಕಾಗಲ್ಲ ಬಿಡಿ." ಟಿವಿಯಲ್ಲಿ ಕೂತವರು ಹೇಳುತ್ತಾರೆ, ಅಮೆರಿಕದಲ್ಲಿರುವ ನಮ್ಮ ಕನ್ನಡದ ವಾಟ್ಸಾಪ್ ಗುಂಪುಗಳಲ್ಲೂ ಅದೇ ಬರುತ್ತದೆ. ಇಪ್ಪತ್ತೆರಡು, ಇಪ್ಪತ್ತಮೂರು ವರ್ಷದ ಕ್ವಾರ್ಟರ್‌ಬ್ಯಾಕ್ ಒಂದು ರಾತ್ರಿ ಸೋತ ಅಂತ ಅವನ ಇಡೀ ಆಟದ ಮೇಲೆ ತೀರ್ಪು ಕೊಟ್ಟುಬಿಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಪ್ಲೇಆಫ್‌ನಲ್ಲಿ ಇಷ್ಟು ಗೆದ್ದ, ಇಷ್ಟು ಸೋತ ಅಂತ ಆಟಗಾರನೊಬ್ಬನ ಹೆಸರಿಗೆ ಬರೆಯುವ ಲೆಕ್ಕವೇ ನನಗೆ ಅನ್ಯಾಯ ಅನ್ನಿಸುತ್ತದೆ.

ಈ ಆಟ ಅಷ್ಟಾಗಿ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಒಟ್ಟು 32 ತಂಡ. ಪ್ರತಿ ತಂಡಕ್ಕೂ ಸೀಸನ್‌ನಲ್ಲಿ 17 ಪಂದ್ಯ. ಅದರಲ್ಲಿ 14 ತಂಡ ಪ್ಲೇಆಫ್‌ಗೆ ಬರುತ್ತವೆ. ಅಲ್ಲಿಂದ ಮುಂದೆ ಒಂದು ಸೋತರೆ ಮನೆಗೆ. ಚೆಂಡು ಎಸೆಯುವವನು, ಯಾರಿಗೆ ಎಸೆಯಬೇಕು ಅಂತ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಮಾಡುವವನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಐದು ಜನ ದೊಡ್ಡ ದೊಡ್ಡ ಆಳುಗಳು ಎದುರಾಳಿಗಳನ್ನು ತಡೆದು ನಿಲ್ಲಿಸುತ್ತಾರೆ. ಅದು ಅಫೆನ್ಸಿವ್ ಲೈನ್. ಎದುರು ತಂಡದ ಕೈಗೆ ಚೆಂಡು ಹೋದಾಗ ಕ್ವಾರ್ಟರ್‌ಬ್ಯಾಕ್ ಬೆಂಚಿನಲ್ಲಿ ಕೂತಿರುತ್ತಾನೆ. ಆಗ ಅವನು ಮಾಡಬಹುದಾದ್ದು ಏನೂ ಇಲ್ಲ. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಡಿ.

ಜಸ್ಟಿನ್ ಹರ್ಬರ್ಟ್ ವಿಷಯವನ್ನೇ ನೋಡಿ. ಲಾಸ್ ಏಂಜಲೀಸ್ ಚಾರ್ಜರ್ಸ್ ತಂಡದವನು. ಅವನ ಮೊದಲ ಎರಡು ಪ್ಲೇಆಫ್ ಪಂದ್ಯ ಎರಡೂ ಸೋಲು. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ. ಆದರೆ ಆ ಪಂದ್ಯಗಳನ್ನು ಕೂತು ನೋಡಿದವರಿಗೆ ಗೊತ್ತು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಮೊದಲನೆಯದು 2023ರ ಜನವರಿ, ಜಾಕ್ಸನ್‌ವಿಲ್‌ನಲ್ಲಿ. ಆ ಕಡೆ ಜಾಗ್ವಾರ್ಸ್‌ನ ಟ್ರೆವರ್ ಲಾರೆನ್ಸ್, ಅವನಿಗೂ ಅದೇ ಮೊದಲ ಪ್ಲೇಆಫ್. ಮೊದಲರ್ಧದಲ್ಲೇ ಲಾರೆನ್ಸ್ ನಾಲ್ಕು ಇಂಟರ್‌ಸೆಪ್ಷನ್ ಎಸೆದ, ಅಂದರೆ ಅವನು ಎಸೆದ ಚೆಂಡು ಎದುರಾಳಿಗಳ ಕೈಗೆ ಹೋಯಿತು. ನಾಲ್ಕು! ಅದರಲ್ಲಿ ಮೂರನ್ನು ಅಸಾಂಟೆ ಸ್ಯಾಮ್ಯುಯೆಲ್ ಜೂನಿಯರ್ ಒಬ್ಬನೇ ಹಿಡಿದ. ಚಾರ್ಜರ್ಸ್ 27-0 ಮುಂದೆ. ಆಮೇಲೆ ಲಾರೆನ್ಸ್ ನಾಲ್ಕು ಟಚ್‌ಡೌನ್ (ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್) ಎಸೆದ, ಕೊನೆಯ ಕ್ಷಣದಲ್ಲಿ ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸಿದ ಫೀಲ್ಡ್ ಗೋಲ್‌ನಿಂದ ಜಾಗ್ವಾರ್ಸ್ 31-30ಕ್ಕೆ ಗೆದ್ದಿತು. ಆ ರಾತ್ರಿ ಹರ್ಬರ್ಟ್ ಒಂದೂ ಇಂಟರ್‌ಸೆಪ್ಷನ್ ಎಸೆಯಲಿಲ್ಲ. ಅವನ ತಂಡ ಒಮ್ಮೆಯೂ ಚೆಂಡು ಕಳೆದುಕೊಳ್ಳಲಿಲ್ಲ, ಎದುರಾಳಿಯಿಂದ ಐದು ಸಲ ಕಸಿದುಕೊಂಡಿತು. ಆದರೂ ಸೋಲು. 27 ಅಂಕ ಮುಂದಿದ್ದ ತಂಡದ ಡಿಫೆನ್ಸ್ ನಿಲ್ಲಲಿಲ್ಲ, ಓಡಿ ಸಮಯ ಕಳೆಯುವ ಆಟ ಆಡಲು ಬರಲಿಲ್ಲ. ಅದಕ್ಕಿಂತ ಹಿಂದಿನ ವಾರ, ಗೆದ್ದರೂ ಸೋತರೂ ತಂಡದ ಸ್ಥಾನ ಬದಲಾಗದ ಪಂದ್ಯದಲ್ಲಿ ಕೋಚ್ ಬ್ರ್ಯಾಂಡನ್ ಸ್ಟೇಲಿ ಮುಖ್ಯ ಆಟಗಾರರನ್ನೆಲ್ಲ ಇಳಿಸಿದ್ದರು. ಅಲ್ಲಿ ಮೈಕ್ ವಿಲಿಯಮ್ಸ್ ಬೆನ್ನಿಗೆ ಪೆಟ್ಟಾಯಿತು. ಹರ್ಬರ್ಟ್ ಎಸೆದ ಚೆಂಡು ಹಿಡಿಯುವ ದೊಡ್ಡ ರಿಸೀವರ್ ಪ್ಲೇಆಫ್‌ಗೆ ಬರಲೇ ಇಲ್ಲ. ಇದನ್ನೆಲ್ಲ ಹರ್ಬರ್ಟ್ ಹೆಸರಿಗೆ ಬರೆಯುವುದು ಯಾವ ನ್ಯಾಯ?

ಎರಡನೆಯದು 2025ರ ಜನವರಿ, ಹ್ಯೂಸ್ಟನ್‌ನಲ್ಲಿ. ಆ ಇಡೀ ಸೀಸನ್‌ನಲ್ಲಿ ಮೂರೇ ಇಂಟರ್‌ಸೆಪ್ಷನ್ ಎಸೆದಿದ್ದ ಹರ್ಬರ್ಟ್ ಆ ಒಂದೇ ಪಂದ್ಯದಲ್ಲಿ ನಾಲ್ಕು ಎಸೆದ. 32-12 ಸೋಲು. ಇದರಲ್ಲಿ ಅವನ ಪಾಲು ದೊಡ್ಡದು, ಬೈದರೆ ನಾನು ಅಡ್ಡ ಬರುವುದಿಲ್ಲ. ಆದರೆ "ಹರ್ಬರ್ಟ್ ಪ್ಲೇಆಫ್‌ನಲ್ಲಿ 0-2" (ಗೆಲುವು ಸೊನ್ನೆ, ಸೋಲು ಎರಡು) ಅಂತ ಆಗ ಬರೆದಾಗ ಈ ಎರಡು ರಾತ್ರಿಗಳ ನಡುವಿನ ವ್ಯತ್ಯಾಸವೇ ಅಳಿಸಿಹೋಯಿತು. ನನ್ನ ಸಿಟ್ಟು ಇರುವುದು ಅದರ ಮೇಲೆ. ಇನ್ನೊಂದು ಕಡೆ ಲಾರೆನ್ಸ್‌ಗೆ 1-0 ಅಂತ ಬರೆದರು. ಆ ಪಂದ್ಯದ ಮಧ್ಯಂತರದಲ್ಲಿ ಅವನ ಬಗ್ಗೆ ಜನ ಏನೇನು ಬರೆಯುತ್ತಿದ್ದರು ಅಂತ ನೆನಪಿದೆ ಅಲ್ವಾ?

ಜಾಶ್ ಆಲನ್ ಕಥೆ ಇನ್ನೂ ಹೊಟ್ಟೆ ಉರಿಸುತ್ತದೆ. 2022ರ ಜನವರಿ 23, ಕ್ಯಾನ್ಸಸ್ ಸಿಟಿ, ಎದುರಾಳಿ ಅಲ್ಲಿನ ಚೀಫ್ಸ್ ತಂಡ. ಬಫಲೋ ಬಿಲ್ಸ್‌ನ ಆಲನ್‌ಗೆ ಆಗ 25 ವರ್ಷ. ಅವತ್ತು 329 ಗಜ ಎಸೆದ, ನಾಲ್ಕು ಟಚ್‌ಡೌನ್, ನಾಲ್ಕೂ ಗೇಬ್ರಿಯಲ್ ಡೇವಿಸ್‌ಗೆ. ಒಂದೂ ಇಂಟರ್‌ಸೆಪ್ಷನ್ ಇಲ್ಲ. ಕೊನೆಯ ಟಚ್‌ಡೌನ್ ಬಂದಾಗ ಉಳಿದಿದ್ದದ್ದು 13 ಸೆಕೆಂಡ್, ಬಿಲ್ಸ್ 36-33 ಮುಂದೆ. ಹದಿಮೂರು ಸೆಕೆಂಡ್ ಹಿಡಿದು ನಿಲ್ಲಿಸುವುದು ಡಿಫೆನ್ಸ್ ಕೆಲಸ. ಕಿಕ್ಕಾಫ್ ನೆಲಕ್ಕೆ ಚಿಕ್ಕದಾಗಿ ಒದ್ದಿದ್ದರೆ ಅದರಲ್ಲೇ ಒಂದಿಷ್ಟು ಸೆಕೆಂಡ್ ಹೋಗುತ್ತಿತ್ತು, ಅದನ್ನೂ ಮಾಡಲಿಲ್ಲ. ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಎರಡೇ ಎಸೆತ, ಟೈರೀಕ್ ಹಿಲ್‌ಗೆ ಒಂದು, ಟ್ರಾವಿಸ್ ಕೆಲ್ಸಿಗೆ ಒಂದು. ಅವರ ಕಿಕ್ಕರ್ ಬಟ್ಕರ್ 49 ಗಜದ ಫೀಲ್ಡ್ ಗೋಲ್ ಒದ್ದು ಸಮ ಮಾಡಿದ. ಓವರ್‌ಟೈಮ್‌ನಲ್ಲಿ ಟಾಸ್ ಚೀಫ್ಸ್‌ಗೆ. ಮೊದಲ ಸರದಿಯಲ್ಲೇ ಟಚ್‌ಡೌನ್, 42-36, ಆಗಿನ ನಿಯಮದ ಪ್ರಕಾರ ಪಂದ್ಯ ಅಲ್ಲಿಗೇ ಮುಗಿಯಿತು. ಆಲನ್ ಕೈಗೆ ಚೆಂಡೇ ಬರಲಿಲ್ಲ. ನಾಣ್ಯ ಬಿದ್ದ ಮೇಲೆ ಬೆಂಚಿನಲ್ಲಿ ಕೂತು ತನ್ನ ಸೋಲನ್ನು ತಾನೇ ನೋಡಿದ. ಆ ನಿಯಮ ಎಷ್ಟು ತಪ್ಪು ಅಂತ ಲೀಗ್‌ಗೇ ಅನ್ನಿಸಿ ಅದೇ ವರ್ಷ ಮಾರ್ಚ್‌ನಲ್ಲಿ ಬದಲಾಯಿಸಿದರು. ಪ್ಲೇಆಫ್ ಓವರ್‌ಟೈಮ್‌ನಲ್ಲಿ ಎರಡೂ ತಂಡಕ್ಕೆ ಚೆಂಡು ಸಿಗಲೇಬೇಕು ಅಂತ ಮಾಡಿದರು. ನಿಯಮ ಬದಲಾಯಿತು, ಆಲನ್ ಹೆಸರಿನ ಮುಂದಿನ ಸೋಲು ಹಾಗೇ ಉಳಿಯಿತು. ಆ ಪಂದ್ಯಕ್ಕೂ ಮೂರು ವರ್ಷ ಮೊದಲು, 2019ರ ಜನವರಿಯಲ್ಲಿ, ಮಹೋಮ್ಸ್‌ಗೂ ಪೇಟ್ರಿಯಟ್ಸ್ ವಿರುದ್ಧ ಇದೇ ಆಗಿತ್ತು. ಓವರ್‌ಟೈಮ್‌ನಲ್ಲಿ ಅವನೂ ಚೆಂಡು ಮುಟ್ಟಿರಲಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಬೆನ್ ರಾತ್ಲಿಸ್‌ಬರ್ಗರ್. 2006ರ ಫೆಬ್ರವರಿಯಲ್ಲಿ 23ನೇ ವಯಸ್ಸಿಗೇ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದ, ಗೆದ್ದ ಕ್ವಾರ್ಟರ್‌ಬ್ಯಾಕ್‌ಗಳಲ್ಲೇ ಅತಿ ಚಿಕ್ಕವನು. "ನೋಡಿ, ಗೆಲ್ಲೋ ಹುಡುಗ ಅಂದ್ರೆ ಹೀಗಿರಬೇಕು" ಅಂತ ಎಲ್ಲರೂ ಉದಾಹರಣೆ ಕೊಡುತ್ತಾರೆ. ಆ ಪಂದ್ಯದಲ್ಲಿ ಅವನು ಆಡಿದ್ದು ಹೇಗೆ? 21 ಎಸೆತದಲ್ಲಿ 9 ಗುರಿ ಸೇರಿದವು, 123 ಗಜ, ಎರಡು ಇಂಟರ್‌ಸೆಪ್ಷನ್. ಎಸೆದ ಟಚ್‌ಡೌನ್ ಸೊನ್ನೆ. ಸ್ಟೀಲರ್ಸ್‌ಗೆ ಆ ದಿನ ಎಸೆದು ಬಂದ ಒಂದೇ ಟಚ್‌ಡೌನ್ ಎಸೆದದ್ದು ರಿಸೀವರ್ ಆಂಟ್ವಾನ್ ರ‍್ಯಾಂಡಲ್ ಎಲ್! ವಿಲ್ಲಿ ಪಾರ್ಕರ್ 75 ಗಜ ಓಡಿದ, ಡಿಫೆನ್ಸ್ ಸೀಹಾಕ್ಸ್‌ನ ಹತ್ತೇ ಅಂಕಕ್ಕೆ ನಿಲ್ಲಿಸಿತು. ರಾತ್ಲಿಸ್‌ಬರ್ಗರ್ ಮುಂದೆ ತುಂಬಾ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಆದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆವತ್ತು ಗೆಲ್ಲಿಸಿದ್ದು ಅವನಲ್ಲ. ಗೆದ್ದವರಿಗೆ ಕೊಡುವ ಆ ಉಂಗುರ ಬಂದಿದ್ದು ತಂಡದಿಂದ. ಅದೇ ತಂಡ ಆಲನ್‌ಗೆ ಆ 13 ಸೆಕೆಂಡ್ ಸಿಕ್ಕಿದ್ದರೆ ಸಾಕಿತ್ತು.

ನಾವು ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾ? 2016ರಲ್ಲಿ ಕೊಹ್ಲಿ ಒಂದೇ ಐಪಿಎಲ್‌ನಲ್ಲಿ 973 ರನ್ ಹೊಡೆದರು. ಫೈನಲ್‌ನಲ್ಲೂ ಅರ್ಧಶತಕ. ಚಿನ್ನಸ್ವಾಮಿಯಲ್ಲೇ 8 ರನ್‌ನಿಂದ ಸೋತೆವು. ಆಮೇಲೆ ಎಷ್ಟು ವರ್ಷ "ಕೊಹ್ಲಿಗೆ ಕಪ್ ಇಲ್ಲ" ಅಂತ ಕೇಳಿಸಿಕೊಂಡೆವು! ಅದು ಎಷ್ಟು ನೋಯಿಸುವ, ಎಷ್ಟು ಅರ್ಧಂಬರ್ಧ ಮಾತು ಅಂತ ನಮಗೆ ಗೊತ್ತು. ಹಾಗಿದ್ದೂ ನಮ್ಮವರೇ ಬಾಲ್ಟಿಮೋರ್ ರೇವನ್ಸ್‌ನ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಬಗ್ಗೆ ಅದನ್ನೇ ಹೇಳಿದಾಗ ನನಗೆ ತಡೆಯೋಕಾಗಲ್ಲ.

ಲಮಾರ್ ವಿಷಯದಲ್ಲಿ ಪ್ರಾಮಾಣಿಕವಾಗಿ ಮಾತಾಡೋಣ. 2019ರ ಸೀಸನ್‌ನಲ್ಲಿ ಎಲ್ಲ ಮತವೂ ಅವನಿಗೇ ಬಿದ್ದು ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ, ಆದ, ರೇವನ್ಸ್ 14-2 (ಆಗ ಸೀಸನ್‌ಗೆ 16 ಪಂದ್ಯ). ಪ್ಲೇಆಫ್‌ನಲ್ಲಿ ಟೈಟನ್ಸ್ ಬಂದು 28-12ಕ್ಕೆ ಹೊಡೆದು ಹೋದರು. ಆವತ್ತು ಲಮಾರ್ ಮೂರು ಸಲ ಚೆಂಡು ಕಳೆದುಕೊಂಡ, ಅದು ಅವನದೇ ತಪ್ಪು. ಆದರೆ 2024ರ ಜನವರಿಯಲ್ಲಿ ಚೀಫ್ಸ್ ವಿರುದ್ಧ 17-10 ಸೋತಾಗ, ಗೆರೆಗೆ ಇನ್ನೇನು ಮುಟ್ಟಬೇಕು ಅನ್ನುವಾಗ ಜೇ ಫ್ಲವರ್ಸ್ ಕೈಯಿಂದ ಚೆಂಡು ಜಾರಿತು. 2025ರ ಜನವರಿಯಲ್ಲಿ ಬಫಲೋದಲ್ಲಿ, ಮೊದಲರ್ಧದಲ್ಲಿ ಲಮಾರ್ ತಪ್ಪು ಮಾಡಿದ, ಆಮೇಲೆ ತಂಡವನ್ನು ಅವನೇ ಎಳೆದು ತಂದ. ಕೊನೆಯಲ್ಲಿ ಸಮ ಮಾಡಲು ಎರಡು ಅಂಕ ಬೇಕಿತ್ತು. ಅವನು ಎಸೆದ ಚೆಂಡು ಮಾರ್ಕ್ ಆಂಡ್ರೂಸ್ ಕೈಗೇ ಹೋಗಿ ಬಿದ್ದುಹೋಯಿತು. 27-25. ಆ ಸೋಲು ಬರೆದದ್ದು ಯಾರ ಹೆಸರಿಗೆ? ಲಮಾರ್ ಹೆಸರಿಗೇ.

ಲೈನ್ ಬಗ್ಗೆ ಮಾತಾಡದೆ ಈ ಚರ್ಚೆ ಮುಗಿಸುವ ಹಾಗೇ ಇಲ್ಲ. 2022ರ ಜನವರಿಯಲ್ಲಿ ಬೆಂಗಾಲ್ಸ್‌ನ ಜೋ ಬರೋನನ್ನು ಟೈಟನ್ಸ್ ಒಂಬತ್ತು ಸಲ ಸ್ಯಾಕ್ ಮಾಡಿದರು, ಅಂದರೆ ಎಸೆಯುವ ಮೊದಲೇ ಹಿಡಿದು ನೆಲಕ್ಕೆ ಕೆಡವಿದರು. ಆ ಪಂದ್ಯ ಹೇಗೋ 19-16ಕ್ಕೆ ಗೆದ್ದ. ಸೂಪರ್ ಬೌಲ್‌ನಲ್ಲಿ ಮತ್ತೆ ಏಳು ಸಲ ಬಿದ್ದ, 23-20ಕ್ಕೆ ಸೋತ. ಮಹೋಮ್ಸ್‌ನಂಥವನೇ, 2021ರ ಸೂಪರ್ ಬೌಲ್‌ನಲ್ಲಿ ಲೈನ್‌ನ ಎರಡೂ ತುದಿಯಲ್ಲಿ ನಿಲ್ಲುವ ಟ್ಯಾಕಲ್‌ಗಳು ಗಾಯದಿಂದ ಹೊರಗಿದ್ದಾಗ 31-9ಕ್ಕೆ ಸೋತ, ಇಡೀ ರಾತ್ರಿ ಜೀವ ಉಳಿಸಿಕೊಳ್ಳಲು ಓಡಿದ. ಅವನಂಥವನಿಗೇ ಆಗದ್ದು ಇನ್ನೊಬ್ಬ ಎಳೆಯ ಹುಡುಗನಿಗೆ ಹೇಗೆ ಆಗಬೇಕು?

ಹ್ಯೂಸ್ಟನ್ ಟೆಕ್ಸನ್ಸ್‌ನ ಸಿ.ಜೆ. ಸ್ಟ್ರೌಡ್ ಉದಾಹರಣೆ ನನಗೆ ಇಲ್ಲೇ ಬರುತ್ತದೆ. 2024ರ ಜನವರಿಯಲ್ಲಿ, ಮೊದಲ ವರ್ಷದಲ್ಲೇ, ಬ್ರೌನ್ಸ್ ವಿರುದ್ಧ 45-14 ಗೆಲುವು. 22ನೇ ವಯಸ್ಸಿಗೆ ಪ್ಲೇಆಫ್ ಗೆದ್ದ ಅತಿ ಚಿಕ್ಕ ಕ್ವಾರ್ಟರ್‌ಬ್ಯಾಕ್ ಆದ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಮುಂದಿನ ವರ್ಷ ಟೆಕ್ಸನ್ಸ್ ಲೈನ್ ಕುಸಿಯಿತು. ಕ್ಯಾನ್ಸಸ್ ಸಿಟಿಯಲ್ಲಿ ನಡೆದ ಪ್ಲೇಆಫ್ ಪಂದ್ಯದಲ್ಲಿ ಎಂಟು ಸಲ ಸ್ಯಾಕ್ ಆದ, ತಂಡ 23-14ಕ್ಕೆ ಸೋತಿತು. "ಸ್ಟ್ರೌಡ್ ಹಿಂದೆ ಬಿದ್ದ" ಅಂತ ಬರೆದವರು ಎಷ್ಟೋ ಜನ. ಎಂಟು ಸಲ ಬೆನ್ನ ಮೇಲೆ ಬಿದ್ದ ಹುಡುಗ ಹಿಂದೆ ಬೀಳದೆ ಇನ್ನೇನು ಮಾಡಬೇಕಿತ್ತು?

ಜೇಡನ್ ಡ್ಯಾನಿಯಲ್ಸ್‌ಗೂ ಅಷ್ಟೇ. 4-13 ಇದ್ದ ವಾಷಿಂಗ್ಟನ್ ತಂಡ ಅವನ ಮೊದಲ ವರ್ಷ 12-5 ಆಯಿತು. ಟ್ಯಾಂಪಾದಲ್ಲಿ ಗೆದ್ದ, ಆಮೇಲೆ 15-2 ಇದ್ದ ಲಯನ್ಸ್‌ನ ಅವರ ಊರಲ್ಲೇ 45-31ಕ್ಕೆ ಸೋಲಿಸಿದ. ಕಾನ್ಫರೆನ್ಸ್ ಫೈನಲ್‌ನಲ್ಲಿ, ಅಂದರೆ ಸೂಪರ್ ಬೌಲ್‌ಗೆ ಮುಂಚಿನ ಪಂದ್ಯದಲ್ಲಿ, ಈಗಲ್ಸ್ 55-23ಕ್ಕೆ ಗೆದ್ದಿತು. ಈಗಲ್ಸ್‌ನ ಮೊದಲ ಆಟದಲ್ಲೇ ಸೇಕ್ವಾನ್ ಬಾರ್ಕ್ಲಿ 60 ಗಜ ಓಡಿ ಟಚ್‌ಡೌನ್. ಒಟ್ಟು ಏಳು ಟಚ್‌ಡೌನ್ ಓಡಿಯೇ ಹೊಡೆದರು. ಓಡುವವರನ್ನು ಹಿಡಿಯುವುದು ಡ್ಯಾನಿಯಲ್ಸ್ ಕೆಲಸ ಅಲ್ಲ. ಮೊದಲ ವರ್ಷದ ಕ್ವಾರ್ಟರ್‌ಬ್ಯಾಕ್ ಯಾರೂ ಇದುವರೆಗೆ ತನ್ನ ತಂಡವನ್ನು ಸೂಪರ್ ಬೌಲ್‌ಗೆ ಕರೆದುಕೊಂಡು ಹೋಗಿಲ್ಲ. ಅಷ್ಟು ಕಷ್ಟದ ಜಾಗ ಅದು.

"ಹುಡುಗರನ್ನು ಬೈಯಬೇಡಿ, ಇನ್ನೂ ಚಿಕ್ಕವರು, ಮುಂದೆ ಬೇಕಾದಷ್ಟು ಅವಕಾಶ ಇದೆ" ಅನ್ನುವವರೂ ಇದ್ದಾರೆ. ಅದನ್ನೂ ನಾನು ಒಪ್ಪಲ್ಲ. ಡ್ಯಾನ್ ಮರೀನೊ 1984ರಲ್ಲಿ, ಎರಡನೇ ವರ್ಷದಲ್ಲೇ, 5,084 ಗಜ, 48 ಟಚ್‌ಡೌನ್ ಎಸೆದು ಸೂಪರ್ ಬೌಲ್ ತಲುಪಿದ. 38-16ಕ್ಕೆ ಸೋತ. ಇನ್ನೂ ಹದಿನೈದು ವರ್ಷ ಆಡಿದ, ಮತ್ತೆ ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ. ಮಾರ್ಕ್ ಸ್ಯಾಂಚೆಜ್ ಮೊದಲ ಎರಡೂ ವರ್ಷ ಜೆಟ್ಸ್ ಜೊತೆ ಕಾನ್ಫರೆನ್ಸ್ ಫೈನಲ್ ಆಡಿದ, ಅದಕ್ಕೆ ದೊಡ್ಡ ಕಾರಣ ಆ ತಂಡದ ಡಿಫೆನ್ಸ್. ಆಮೇಲೆ ಅವನ ಆಟಕ್ಕೂ ತಂಡಕ್ಕೂ ಆ ದಿನಗಳು ಮರಳಲಿಲ್ಲ.

ಅದಕ್ಕೇ ನನ್ನ ಕೋಪ ತಂಡ ನಡೆಸುವವರ ಮೇಲೆ ಜಾಸ್ತಿ. ಲೀಗ್ ಮತ್ತು ಆಟಗಾರರ ಸಂಘದ 2011ರ ಒಪ್ಪಂದದ ನಂತರ ಹೊಸಬರ ಸಂಬಳಕ್ಕೆ ಮಿತಿ ಇದೆ. 2022ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸಬರನ್ನು ಸರದಿಯಂತೆ ಆರಿಸುವುದು) ಕಟ್ಟಕಡೆಗೆ, 262ನೆಯವನಾಗಿ ಬಂದ ಬ್ರಾಕ್ ಪರ್ಡಿ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗೂ ಕಡಿಮೆ ತೆಗೆದುಕೊಂಡು 49ಅರ್ಸ್‌ನ 2024ರ ಸೂಪರ್ ಬೌಲ್‌ಗೆ ಕರೆದುಕೊಂಡು ಹೋದ. ಓವರ್‌ಟೈಮ್‌ನಲ್ಲಿ 25-22ಕ್ಕೆ ಸೋತರು. ಆಗ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳು ವರ್ಷಕ್ಕೆ ಐದು ಕೋಟಿ ಡಾಲರ್ ಪಡೆಯುತ್ತಿದ್ದರು. ಅಂದರೆ ಹುಡುಗ ಕಡಿಮೆ ಸಂಬಳದಲ್ಲಿ ಇರುವ ಆ ನಾಲ್ಕೈದು ವರ್ಷದಲ್ಲೇ ಲೈನ್ ಕಟ್ಟಬೇಕು, ಡಿಫೆನ್ಸ್ ಕಟ್ಟಬೇಕು, ಕೋಚ್‌ನ ಪದೇ ಪದೇ ಬದಲಿಸದೆ ಇರಬೇಕು. ಗ್ರೀನ್ ಬೇ ತಂಡ ಜೋರ್ಡನ್ ಲವ್‌ನ ಮೂರು ವರ್ಷ ಆರನ್ ರಾಜರ್ಸ್ ಹಿಂದೆ ಕೂರಿಸಿ ಬೆಳೆಸಿತು. ಅವನು ಮೊದಲ ಪ್ಲೇಆಫ್ ಪಂದ್ಯದಲ್ಲೇ ಡಲ್ಲಸ್‌ಗೆ ಹೋಗಿ 48-32ಕ್ಕೆ ಗೆದ್ದು ಬಂದ. ಮುಂದಿನ ವಾರ 49ಅರ್ಸ್ ವಿರುದ್ಧ ಕೊನೆಯ ನಿಮಿಷದಲ್ಲಿ, ಬಲಕ್ಕೆ ಓಡುತ್ತಾ ಮೈದಾನದ ಮಧ್ಯಕ್ಕೆ ತಿರುಗಿಸಿ ಎಸೆದ ಚೆಂಡು ಡ್ರೆ ಗ್ರೀನ್‌ಲಾ ಕೈಗೆ ಹೋಯಿತು. ಅದು ಲವ್‌ನದೇ ತಪ್ಪು, ಎಸೆಯಬಾರದಿತ್ತು. ಅದನ್ನು ಅವನ ಲೆಕ್ಕಕ್ಕೆ ಧಾರಾಳವಾಗಿ ಬರೆಯಿರಿ.

ನಾನು ಕೇಳುವುದೂ ಅಷ್ಟೇ. ಕಾಮೆಂಟಿನಲ್ಲಿ ಜಗಳ ಮಾಡಿ, ಎಷ್ಟು ಬೇಕಾದರೂ ಮಾಡಿ. ಆದರೆ 0-2, 1-3 ಅಂತ ಬರೆಯಬೇಡಿ. ಯಾವ ಪಂದ್ಯ, ಯಾವ ಎಸೆತ, ಆಗ ಅವನ ಮುಂದೆ ನಿಂತು ತಡೆಯುತ್ತಿದ್ದವರು ಯಾರು, ಅದನ್ನು ಹೇಳಿ. ಹರ್ಬರ್ಟ್‌ನ ಹ್ಯೂಸ್ಟನ್ ಪಂದ್ಯದಿಂದಲೇ ಬೇಕಾದರೆ ಶುರು ಮಾಡೋಣ.