ಡಿಪ್ಪಿ ಎಗ್ ಹಸಿ ಮೊಟ್ಟೆ ಅಲ್ಲ

ಕಳೆದ ವಾರ ಮಗಳ ತಿಂಡಿಯ ಫೋಟೋ ಹಾಕಿದ್ದೆ. ಪುಟ್ಟ ಕಪ್ಪಿನಲ್ಲಿ ನಿಂತ ಮೊಟ್ಟೆ, ಪಕ್ಕದಲ್ಲಿ ಉದ್ದುದ್ದ ಕತ್ತರಿಸಿದ ಟೋಸ್ಟ್. "ಮಗುಗೆ ಹಸಿ ಮೊಟ್ಟೆ ಕೊಡ್ತೀರಾ?" ಅಂತ ಊರಿನ ನಾಲ್ಕೈದು ಜನ ಗಾಬರಿಯಿಂದ ಕೇಳಿದರು. ಕಾಳಜಿಯಿಂದಲೇ ಕೇಳಿದ್ದು, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಇಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಡಿಪ್ಪಿ ಎಗ್ ಅಂತಾರೆ, ಟೋಸ್ಟಿನ ಪಟ್ಟಿಗಳಿಗೆ ಸೋಲ್ಜರ್ಸ್ ಅಂತಾರೆ. ಸಾಲಾಗಿ ನಿಂತ ಸಿಪಾಯಿಗಳ ಥರ ಕಾಣ್ತವೆ, ಅಲ್ವಾ? ನಮ್ಮ ಬೀದಿ ಗಾಡಿಯ ಹಾಫ್ ಬಾಯಿಲ್ ಬೇರೆ, ಅದು ಕಾವಲಿಯ ಮೇಲೆ ಒಡೆದು ಹಾಕೋದು. ಇದನ್ನು ಓಡಿನ ಸಮೇತ ಬೇಯಿಸಬೇಕು. ನೀರು ಚೆನ್ನಾಗಿ ಕುದಿಯುವಾಗ ಚಮಚದಲ್ಲಿ ಮೆಲ್ಲಗೆ ಇಳಿಸಿ ಐದೂವರೆ ನಿಮಿಷ ಬಿಡ್ತೀನಿ. ಬಿಳಿ ಭಾಗ ಗಟ್ಟಿಯಾಗಿರುತ್ತೆ, ಹಳದಿ ಮಾತ್ರ ಜೇನಿನ ಹಾಗೆ ಹರಿಯುತ್ತೆ, ಅದರಲ್ಲಿ ಟೋಸ್ಟ್ ಅದ್ದಿ ತಿನ್ನೋದು. ಬಿಳಿಗಿಂತ ಹಳದಿ ಗಟ್ಟಿಯಾಗಲು ಜಾಸ್ತಿ ಬಿಸಿ ಬೇಕು, ಜೊತೆಗೆ ಅದು ನಡುವೆ ಇರೋದರಿಂದ ಬಿಸಿ ಅಲ್ಲಿಗೆ ಮುಟ್ಟೋದೂ ತಡ. ತೆಗೆದ ಕೂಡಲೇ ತಣ್ಣೀರು ಹಾಕದಿದ್ದರೆ ಓಡಿನೊಳಗೆ ಬೇಯುತ್ತಲೇ ಇರುತ್ತೆ, ಆಮೇಲೆ ಅದ್ದೋಕೆ ಏನೂ ಉಳಿಯಲ್ಲ. ಟೋಸ್ಟೂ ಗರಿಗರಿಯಾಗಿರಬೇಕು. ಮೆತ್ತಗಿನ ಬ್ರೆಡ್ ಹಳದಿಗೆ ಹೋಗಿದ್ದೇ ಬಾಗಿ ಮುರಿದು ಒಳಗೇ ಉಳಿಯುತ್ತೆ.

ಭಯದ ವಿಷಯಕ್ಕೆ ಬರ್ತೀನಿ. ಈ ಭಯ ಸುಮ್ನೆ ಹುಟ್ಟಿದ್ದಲ್ಲ. 1988ರ ಡಿಸೆಂಬರಿನಲ್ಲಿ ಇಲ್ಲಿನ ಆರೋಗ್ಯ ಇಲಾಖೆಯ ಕಿರಿಯ ಮಂತ್ರಿ ಎಡ್ವಿನಾ ಕರಿ, ದೇಶದ ಬಹುಪಾಲು ಮೊಟ್ಟೆ ಉತ್ಪಾದನೆಗೆ ಸಾಲ್ಮೊನೆಲ್ಲಾ ಅನ್ನೋ, ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ತಗುಲಿದೆ ಅಂದುಬಿಟ್ಟರು. ಮೊಟ್ಟೆ ಮಾರಾಟ ಕುಸಿಯಿತು, ಎರಡೇ ವಾರದಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಆ ಬ್ಯಾಕ್ಟೀರಿಯಾ ಕೋಳಿಯ ಅಂಡಾಶಯದಲ್ಲೇ ಇದ್ದರೆ ಓಡು ಕೂಡೋ ಮೊದಲೇ ಮೊಟ್ಟೆಯೊಳಗೆ ಸೇರಿರುತ್ತೆ, ಮೇಲೆ ಎಷ್ಟು ತೊಳೆದರೂ ಹೋಗಲ್ಲ. ಅದಕ್ಕೇ ಕೋಳಿಗಳಿಗೇ ಲಸಿಕೆ ಹಾಕೋ ಕ್ರಮ ತಂದರು. 1998ರಿಂದ ಆ ಕ್ರಮ ಪಾಲಿಸಿದ ಮೊಟ್ಟೆಗಳ ಮೇಲೆ ಕೆಂಪು ಸಿಂಹದ ಮುದ್ರೆ ಬರ್ತಿದೆ. 2017ರಲ್ಲಿ ಇಲ್ಲಿನ ಆಹಾರ ಸುರಕ್ಷತಾ ಸಂಸ್ಥೆ, ಈ ಮುದ್ರೆಯ ಮೊಟ್ಟೆಯನ್ನು ಪುಟ್ಟ ಮಕ್ಕಳು, ಬಸುರಿಯರು, ವಯಸ್ಸಾದವರು ಕೂಡ ಹೀಗೆ ತಿನ್ನಬಹುದು ಅಂತ ಹೇಳಿತು.

ಅಂಗಡಿಯಲ್ಲಿ ಡಬ್ಬಿ ತೆರೆದು ಸಿಂಹ ಇದೆಯಾ ಅಂತ ನೋಡಿಯೇ ತರ್ತೀನಿ. ನಮ್ಮೂರ ಅಂಗಡಿಯ ಟ್ರೇ ಮೊಟ್ಟೆಗೆ ಇಂಥ ಗುರುತು ಇರಲ್ಲ. ಹಾಗಾಗಿ ಹಾಸನಕ್ಕೆ ಬಂದಾಗ ಮಗಳಿಗೆ ಪೂರ್ತಿ ಬೇಯಿಸಿಯೇ ಕೊಡ್ತೀನಿ, ಎಷ್ಟು ಹಟ ಮಾಡಿದರೂ. ನೀವೂ ಹಾಗೇ ಮಾಡಿ, ದಯವಿಟ್ಟು.

ಹೋದ ಬೇಸಿಗೆಯಲ್ಲಿ ಅಮ್ಮ ಇಲ್ಲಿಗೆ ಬಂದಿದ್ದಾಗ ಅವರದ್ದೂ ಇದೇ ಆತಂಕ. "ಅಲ್ಲ ಕಣೇ, ಇದು ಲೊಳಲೊಳ ಅಂತಿದೆ, ಇನ್ನೊಂದು ಕುದಿ ಕೊಡೇ" ಅಂದರು. ಓಡಿನ ಮೇಲಿನ ಸಿಂಹ ತೋರಿಸಿ, ಕೋಳಿ ಲಸಿಕೆಯ ಕಥೆ ಎಲ್ಲಾ ಹೇಳಿದೆ. ಕನ್ನಡಕ ಹಾಕಿಕೊಂಡು ಮುದ್ರೆಯನ್ನೂ ಅದರ ಕೆಳಗಿನ ತಾರೀಕನ್ನೂ ನೋಡಿದರು. ಏನೂ ಹೇಳಲಿಲ್ಲ. ಮಾರನೇ ದಿನ ಮಗಳು ತಿಂದು ಮುಗಿಸಿ, ಇಲ್ಲಿನ ಮಕ್ಕಳೆಲ್ಲಾ ಮಾಡೋ ಹಾಗೆ, ಖಾಲಿ ಓಡನ್ನು ಕಪ್ಪಿನಲ್ಲಿ ತಲೆಕೆಳಗು ಮಾಡಿಟ್ಟು "ಅಜ್ಜಿ, ಇದು ನಿಂಗೆ" ಅಂದಳು. ಅಮ್ಮ ಸೆರಗು ಸರಿ ಮಾಡಿಕೊಂಡು ಕೂತು, ಟೋಸ್ಟಿನ ಒಂದು ಪಟ್ಟಿ ಕೈಯಲ್ಲಿ ಹಿಡಿದೇ, ಚಮಚದಿಂದ ಮೊಟ್ಟೆಯ ನೆತ್ತಿಗೆ ಮೆಲ್ಲಗೆ ತಟ್ಟಿದರು.