ಗಾಂಧಾರ ಬಿಟ್ಟ ಹಾಡು

ಕಾಸರಗೋಡಿನ ಕುಂಬಳೆ ಸೀಮೆಯಲ್ಲಿ ಪಂಕ್ ಎಂಬ ಬಿರುಸಿನ, ಒರಟು ರಾಕ್ ಸಂಗೀತವನ್ನು ಬರೀ ಬೊಬ್ಬೆ ಎಂದು ಬೈಯಲು ಯಾರಿಗೂ ಹಕ್ಕಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿದು, ಇರುಳಿಡೀ ಚೆಂಡೆಯ ಮಗ್ಗುಲಲ್ಲೇ ತೂಕಡಿಸಿ ಬೆಳೆದವರು ನಾವು. ಆದರೂ ಪೆರ್ಲದಲ್ಲೋ ಮುಳ್ಳೇರಿಯದಲ್ಲೋ ಹದಿನಾರರ ಮೂವರು ಹುಡುಗರು ಅಡಿಕೆ ಕೋಣೆಯಲ್ಲಿ ಗಿಟಾರು ಕೆರೆಯತೊಡಗಿದರೆ ಚಾವಡಿಯಿಂದ ಪ್ರಶ್ನೆ ಬಂದೇ ಬರುತ್ತದೆ: "ಎಂಥದು ಮಾರಾಯ ಅದು, ತೆಂಕುತಿಟ್ಟಾ ಬಡಗುತಿಟ್ಟಾ?"

ಕುಚೋದ್ಯದ ಪ್ರಶ್ನೆಯಾದರೂ ಅದಕ್ಕೊಂದು ಉತ್ತರವಿದೆ. ಪಂಕಿನ ಬಂಡವಾಳ ಪವರ್ ಕಾರ್ಡ್ ಎಂಬ ಸ್ವರಗುಚ್ಛ. ದಪ್ಪ ತಂತಿಯ 5ನೇ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಅಡ್ಡಪಟ್ಟಿಗೆ) ತೋರುಬೆರಳು, ಪಕ್ಕದ ತಂತಿಯ 7ಕ್ಕೆ ಉಂಗುರಬೆರಳು, ಅದರಾಚೆಯ ತಂತಿಯ 7ಕ್ಕೆ ಕಿರುಬೆರಳು. ಹೊರಡುವುದು ಷಡ್ಜ, ಪಂಚಮ, ಮೇಲಿನ ಷಡ್ಜ. ಭಾಗವತರ ಹಿಂದೆ ಶ್ರುತಿಪೆಟ್ಟಿಗೆ ಎಳೆಯುವುದೂ ಇದನ್ನೇ. ಗಾಂಧಾರವಿಲ್ಲ, ಆದ್ದರಿಂದ ಮೇಜರ್ ಮೈನರ್ ಎಂಬ ತಕರಾರೂ ಇಲ್ಲ. ಸೋಮಾರಿಗಳು ಬಿಟ್ಟರು ಎನ್ನಬೇಡಿ. ಸ್ವರದ ಅಂತರವನ್ನು ಅಳೆಯುವ ಸೆಂಟ್ ಎಂಬ ಮಾನದಲ್ಲಿ ಒಂದು ಫ್ರೆಟ್ಟಿಗೆ 100 ಲೆಕ್ಕ ಹಿಡಿದರೆ ಗಿಟಾರಿನ ಪಂಚಮ ಶುದ್ಧ ಪಂಚಮದಿಂದ ಸುಮಾರು 2 ಸೆಂಟ್ ಸರಿದಿರುತ್ತದೆ. ಅಂತರ ಗಾಂಧಾರ, ಅಂದರೆ ಮೇಜರಿನ ಗಾಂಧಾರ, ಸುಮಾರು 14. ಡಿಸ್ಟಾರ್ಷನ್ ಪೆಡಲ್ ಸ್ವರಗಳನ್ನು ಒಂದಕ್ಕೊಂದು ಉಜ್ಜಿ ನಡುವಿನ ವ್ಯತ್ಯಾಸವನ್ನೇ ಹೊಸ ಸ್ವರವಾಗಿ ಹೊರಡಿಸುವ ಯಂತ್ರ. ಪಂಚಮದ ಸಣ್ಣ ಸರಿತವನ್ನು ಅದು ನುಂಗಿಕೊಳ್ಳುತ್ತದೆ, ಗಾಂಧಾರದ್ದನ್ನು ಗದ್ದಲ ಮಾಡಿ ಉಗುಳುತ್ತದೆ.

1976ರಲ್ಲಿ ಬಂದ, ಅಮೆರಿಕದ ಪಂಕ್ ತಂಡ ರಮೋನ್ಸ್‌ನ ಮೊದಲ ಆಲ್ಬಮ್‌ನಲ್ಲಿ 14 ಹಾಡುಗಳು, ಎಲ್ಲ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ಕೇಳಿದ ಹುಡುಗನಿಗೆ "ಇಷ್ಟೇಯಾ?" ಅನ್ನಿಸುತ್ತದೆ. ಬಾರಿಸಲು ಕೂತಾಗ ಕಥೆ ಬೇರೆ. ತಂಡದ ಗಿಟಾರಿನವ ಜಾನಿ ರಮೋನ್ ಪಿಕ್ಕು (ತಂತಿ ಮೀಟುವ ಬಿಲ್ಲೆ) ಎಳೆಯುತ್ತಿದ್ದದ್ದು ಮೇಲಿನಿಂದ ಕೆಳಕ್ಕೆ ಮಾತ್ರ. ನಿಮಿಷಕ್ಕೆ 180 ಪೆಟ್ಟಿನ ಲಯದಲ್ಲಿ, ಪೆಟ್ಟಿಗೆ ಎರಡರಂತೆ, ಸೆಕೆಂಡಿಗೆ 6 ಎಳೆತ. ಮೊಣಕೈಯಿಂದ ಬೀಸಿದವನ ಮುಂಗೈ ಎರಡನೇ ಹಾಡಿಗೆ ಸೆಟೆದುಕೊಳ್ಳುತ್ತದೆ. ಮಣಿಕಟ್ಟೇ ಆಡಬೇಕು, ಪಿಕ್ಕನ್ನು ಸಡಿಲವಾಗಿ ಹಿಡಿಯಬೇಕು, 120ರಿಂದ ಶುರುಮಾಡಿ ಮೆಲ್ಲಗೆ ಏರಬೇಕು. ಮೇಲೆ ಕೆಳಗೆ ಎರಡೂ ಕಡೆ ಎಳೆದು ಕಳ್ಳಾಟ ಆಡಬಹುದು, ಆದರೆ ಆ ಗುದ್ದು ಹೋಗುತ್ತದೆ. ಪಿಕ್ಕು ಕಳೆದರೆ ಅವಧಿ ಮುಗಿದ ಎಟಿಎಂ ಕಾರ್ಡು ಕತ್ತರಿಸಿ: ದಪ್ಪ 0.76 ಮಿ.ಮೀ., ಅಂಗಡಿಯ ಮಧ್ಯಮ ಪಿಕ್ಕಿನಷ್ಟೇ. ಅಂಚನ್ನು ಮರಳುಕಾಗದಕ್ಕೆ ಉಜ್ಜದಿದ್ದರೆ ತಂತಿಗೆ ಸಿಕ್ಕಿಕೊಳ್ಳುತ್ತದೆ. ಆಟಿ ತಿಂಗಳ ತೇವಕ್ಕೂ ಕಡಲ ಗಾಳಿಗೂ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಬಾರಿಸಿದ ಮೇಲೆ ಒಣಬಟ್ಟೆಯಿಂದ ಅಡಿಭಾಗವನ್ನೂ ಒರಸಬೇಕು.

ಅಭ್ಯಾಸಕ್ಕೆ ಅಡಿಕೆ ಕೋಣೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ತುಂಬಿದ ಗೋಣಿಗಳು ಸದ್ದನ್ನು ಹೀರುತ್ತವೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದು ದಂಡ. ಮೇಲಿನ ಸ್ವರ ಸ್ವಲ್ಪ ತಗ್ಗಬಹುದು, ಬಾಸು ಮಾತ್ರ ಸೀದಾ ಅಜ್ಜನ ಕೋಣೆಗೆ. ಒಂದೇ ತೊಂದರೆ, ರೇಟು ಬಂದು ಅಡಿಕೆ ಮಾರಿದ ಮರುದಿನ ತಂಡದ ಸದ್ದು ಕೆಡುತ್ತದೆ.

ಕಾರ್ಯಕ್ರಮಕ್ಕೆ ಸಿಗುವುದು ಊರಿನ ಲೈಟ್ ಆಂಡ್ ಸೌಂಡ್ಸಿನವರ ಮೈಕ್‌ಸೆಟ್. ಉದ್ದ ಕೊಳವೆಯ ಸ್ಪೀಕರಿನಿಂದ ಕೆಳಸ್ವರ ಹೊರಡುವುದೇ ಇಲ್ಲ, ಗಿಟಾರಿನ ದಪ್ಪ ತಂತಿಯೋ 82 ಹರ್ಟ್ಸ್. ಆದ್ದರಿಂದ ಪೆಟ್ಟಿಗೆ ಸ್ಪೀಕರನ್ನೇ ಕೇಳಿ. ಗಿಟಾರನ್ನು ನೇರ ಮಿಕ್ಸರಿಗೆ ಸಿಕ್ಕಿಸಿದರೆ ದನಿ ಮಂಕಾಗುತ್ತದೆ, ಏಕೆಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪಿಗೆ ಬೇಕಾದದ್ದು ಸುಮಾರು 1 ಮೆಗಾಓಮ್ ಪ್ರತಿರೋಧದ ಇನ್‌ಪುಟ್, ಮಿಕ್ಸರಿನ ಸಾಮಾನ್ಯ ಲೈನ್ ಇನ್‌ಪುಟ್ ಅದರ ಹತ್ತಿರವೂ ಬರುವುದಿಲ್ಲ. ನಡುವೆ ಡಿಸ್ಟಾರ್ಷನ್ ಪೆಡಲ್ ಇಟ್ಟರೆ ಅದು ಸರಿಯಾಗಿ, ಬೇರೊಂದು ಹುಟ್ಟುತ್ತದೆ: ಕೆಣಕಿದ ಕಣಜದ ಗೂಡಿನ ಝೇಂಕಾರ. ಗಿಟಾರ್ ಆಂಪ್ಲಿಫೈಯರಿನ ಸ್ಪೀಕರು 5 ಕಿಲೋಹರ್ಟ್ಸ್‌ನಿಂದ ಮೇಲಿನದನ್ನು ತಾನಾಗಿಯೇ ಕತ್ತರಿಸುತ್ತದೆ, ಮೈಕ್‌ಸೆಟ್ ಹಾಗಲ್ಲ. ಮಿಕ್ಸರಿನ ಟ್ರೆಬಲ್ ಪೂರ್ತಿ ಇಳಿಸಿ.

ಗುಂಯ್‌ಗುಡುವಿಕೆ ನಿಲ್ಲಿಸಲು ಅರ್ಥ್ ಪಿನ್ ಮುರಿಯುವ ಧೀರರಿದ್ದಾರೆ. ಬೇಡ. ತಂತಿ ಗಿಟಾರ್ ಆಂಪ್ಲಿಫೈಯರಿನ ಅರ್ಥ್‌ಗೆ, ಮೈಕಿನ ಮೈ ಮಿಕ್ಸರಿನ ಅರ್ಥ್‌ಗೆ ಜೋಡಿಸಿರುತ್ತದೆ. ಒಂದು ಕಡೆ ಅರ್ಥ್ ಇಲ್ಲದಿದ್ದರೆ ಎರಡನ್ನೂ ಕೂಡಿಸುವುದು ಹಾಡುವವನ ತುಟಿ. ಎಲ್ಲವನ್ನೂ ಅರ್ಥ್ ಇರುವ ಒಂದೇ ಬೋರ್ಡಿನಿಂದ ಎಳೆಯಿರಿ, ತಂತಿಗೆ ಟೆಸ್ಟರ್ ಇಡಿ, ದೀಪ ಬೆಳಗಿದರೆ ವಯರಿಂಗಿನವರು ಬರುವವರೆಗೆ ಕ್ರಾಂತಿ ಮುಂದೂಡಿ. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವ ಗತ್ತೂ ಬೇಡ. ಹಿಂದಿನ ಸದ್ದನ್ನು ತಡೆಯುವ ರಂಧ್ರ ಮುಚ್ಚಿಹೋಗಿ ಮೈಕೇ ಕೂಗತೊಡಗುತ್ತದೆ.

ಸಾಹಿತ್ಯ ಹುಡುಕಬೇಕಾಗಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಎಳೆದ ಗೆರೆಯ ಈಚೆ ಕನ್ನಡದಲ್ಲಿ ಓದಿ ಮಲಯಾಳದ ಅರ್ಜಿ ತುಂಬುವ ಹುಡುಗನ ಬಾಯಲ್ಲಿ ಎರಡು ನಿಮಿಷದ ಹಾಡು ಸದಾ ಸಿದ್ಧವಿರುತ್ತದೆ. ಒಂದೇ ಸಾಲು, ನಾಲ್ಕು ಸಲ.

ಮ್ಯಾಂಚೆಸ್ಟರಿನ ಪಂಕ್ ತಂಡ ಬಝ್‌ಕಾಕ್ಸ್ 1977ರ ಜನವರಿಯಲ್ಲಿ ಸಾಲದ ಹಣದಲ್ಲಿ ತಾನೇ 1000 ಧ್ವನಿತಟ್ಟೆ ಅಚ್ಚು ಹಾಕಿಸಿತು. ನಮ್ಮಲ್ಲಿ ಅದು ಜೆರಾಕ್ಸ್ ಅಂಗಡಿಯ ಕರಪತ್ರಕ್ಕೂ ಫೋನಿನಲ್ಲಿ ಮಾಡಿದ ರೆಕಾರ್ಡಿಂಗಿಗೂ ಬಂದು ನಿಲ್ಲುತ್ತದೆ. ತಂಡ ಮಾತ್ರ ಸಾಮಾನ್ಯವಾಗಿ ಡಿಗ್ರಿ ಮುಗಿಯುವಷ್ಟರಲ್ಲಿ ಚದುರುತ್ತದೆ: ಒಬ್ಬ ಕೊಲ್ಲಿಗೆ, ಒಬ್ಬ ಬೆಂಗಳೂರಿಗೆ, ಒಬ್ಬ ಸೊಸೈಟಿಯ ಕೌಂಟರಿಗೆ. ಕೂದಲು ನೆಟ್ಟಗಾದರೂ ಕಿವಿ ನೆಟ್ಟಗಾಗುವುದಿಲ್ಲ. ಮದುವೆಮನೆಯಲ್ಲಿ ಮೈಕು ಕೀರಲಿಟ್ಟೊಡನೆ ಹೋಳಿಗೆ ಬರುವ ಹೊತ್ತಿಗೂ ಊಟದ ಎಲೆಯಿಂದ ಎದ್ದು ಮಿಕ್ಸರಿನತ್ತ ನಡೆಯುವವನು ಅವರಲ್ಲೊಬ್ಬ. ಸೌಂಡ್ಸಿನವನ ಬೈಗುಳ ತಿಂದಾದರೂ ಟ್ರೆಬಲ್ ಇಳಿಸಿಯೇ ಬರುತ್ತಾನೆ.