ಐದು ಗಜಕ್ಕೆ ಎಂಟು ಹೆಜ್ಜೆ

ನನ್ನ ಮಗಳಿಗೆ ಮನೆಯಲ್ಲಿ ತನ್ನ ಚಪ್ಪಲಿ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಕಾರಿನ ಕೀಲಿ, ಕನ್ನಡಕ, ಲೈಬ್ರರಿ ಪುಸ್ತಕ, ಯಾವುದೂ ಇಟ್ಟ ಜಾಗದಲ್ಲಿ ಇರುವುದಿಲ್ಲ. 19 ವರ್ಷ ಹೀಗೇ ಕಳೆಯಿತು. ಅದೇ ಹುಡುಗಿ ಕಳೆದ ಜುಲೈನಲ್ಲಿ ಟೆಕ್ಸಾಸ್‌ನ ಒಂದು ಶಾಲೆಯ ಮೈದಾನದಲ್ಲಿ ನಿಂತು, “ಅಪ್ಪಾ, 45ರ ಗೆರೆಯಿಂದ ಎರಡು ಹೆಜ್ಜೆ ಹೊರಗೆ, ಮುಂದಿನ ಹ್ಯಾಷ್‌ನಿಂದ ಆರು ಹೆಜ್ಜೆ ಹಿಂದೆ. ಅದು ನನ್ನ ಮೊದಲನೇ ಡಾಟ್” ಎಂದು ವಿಳಾಸ ಕೊಟ್ಟಳು. ಹ್ಯಾಷ್ ಅಂದರೆ ಮೈದಾನದ ಉದ್ದಕ್ಕೂ ಹಾಕಿರುವ ಸಣ್ಣ ಗುರುತುಗಳ ಸಾಲು, ಡಾಟ್ ಅಂದರೆ ಅವಳು ನಿಲ್ಲಬೇಕಾದ ಚುಕ್ಕಿ. ನಾನು ಫೋನಿನಲ್ಲಿ ಬರೆದಿಟ್ಟುಕೊಂಡೆ. ತಾನು ಎಲ್ಲಿರುತ್ತೇನೆ ಅಂತ ಅವಳಾಗಿಯೇ ಮುಂಚಿತವಾಗಿ ಹೇಳಿದ್ದು ಅದೇ ಮೊದಲು.

ಅವಳು ಸೇರಿರುವುದು ಡ್ರಮ್ ಕೋರ್‌ಗೆ. ಪೂರ್ತಿ ಹೆಸರು ಡ್ರಮ್ ಅಂಡ್ ಬ್ಯೂಗಲ್ ಕೋರ್, ಬ್ಯೂಗಲ್ ಅಂದರೆ ಕಹಳೆ. ಮೈದಾನದಲ್ಲಿ ಹೆಜ್ಜೆ ಹಾಕುತ್ತಾ ಊದುವ, ಬಾರಿಸುವ ಮಕ್ಕಳ ತಂಡ. ನಾವಿರುವ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲೇ ಎರಡು ಹೆಸರಾಂತ ತಂಡಗಳಿವೆ. ಸಾಂಟಾ ಕ್ಲಾರಾದಲ್ಲಿ ವ್ಯಾನ್‌ಗಾರ್ಡ್, ಕಾಂಕರ್ಡ್‌ನಲ್ಲಿ ಬ್ಲೂ ಡೆವಿಲ್ಸ್. ಇಲ್ಲಿಗೆ ಬಂದು ಎಷ್ಟೋ ವರ್ಷ ಅವು ಫುಟ್‌ಬಾಲ್ ಟೀಮುಗಳು ಅಂತಲೇ ನಾನು ತಿಳಿದಿದ್ದೆ. ಮಗಳ ತಂಡ ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಬೇರೆ ತಂಡದ ಅಪ್ಪಂದಿರು ಜಗಳಕ್ಕೆ ಬರುತ್ತಾರೆ.

ಊರಿಂದ ಸೋದರತ್ತೆ ಫೋನ್ ಮಾಡಿದಾಗ ವಿಷಯ ಹೇಳಿದೆ.

“ತಿಂಗಳಿಗೆ ಎಷ್ಟು ಕೊಡ್ತಾರೆ?”

“ಅವರು ಕೊಡಲ್ಲ ಅತ್ತೆ, ನಾವೇ ಕೊಡಬೇಕು. ಸಾವಿರಾರು ಡಾಲರ್.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ದುಡ್ಡು ಕೊಟ್ಟು ವಾಲಗ ಊದೋಕೆ ಕಳಿಸಿದ್ಯಾ?”

ಹೌದು ಅಂದೆ. ಇನ್ನೇನು ಹೇಳಲಿ?

ವಾಲಗ ಅಂದಿದ್ದರಲ್ಲಿ ತಪ್ಪೇನೂ ಇಲ್ಲ. ಊದುವ ಹಿತ್ತಾಳೆ ವಾದ್ಯ, ಬಡಿಯುವ ಡ್ರಮ್ಮು, ಬಾವುಟ ಬೀಸುತ್ತಾ ಕುಣಿಯುವ ಕಲರ್ ಗಾರ್ಡ್, ಇಷ್ಟೇ ತಂಡ. ಕೊಳಲಿಗೆ, ಕ್ಲಾರಿನೆಟ್‌ಗೆ ಜಾಗವಿಲ್ಲ. ಕದ್ರಿ ಗೋಪಾಲನಾಥರೇ ಬಂದಿದ್ದರೂ ಸ್ಯಾಕ್ಸೊಫೋನನ್ನು ಗೇಟಿನ ಹೊರಗೆ ಬಿಟ್ಟು ಬರಬೇಕಿತ್ತು. ಒಂದು ತಂಡದಲ್ಲಿ ಹೆಚ್ಚೆಂದರೆ 165 ಮಕ್ಕಳು. ವಯಸ್ಸು 22 ದಾಟಿದರೆ ಎಷ್ಟು ಚೆನ್ನಾಗಿ ಊದಿದರೂ ಮನೆಗೆ. ಅದಕ್ಕೆ ‘ಏಜ್ ಔಟ್’ ಅನ್ನುತ್ತಾರೆ. ಕೊನೆಯ ವರ್ಷದ ಮಕ್ಕಳು ಆಗಸ್ಟ್ ಹತ್ತಿರ ಬಂದಂತೆ ಗಂಡನ ಮನೆಗೆ ಹೊರಟ ಹುಡುಗಿಯರ ಹಾಗೆ ಸುಮ್ಸುಮ್ನೆ ಅಳುತ್ತಿರುತ್ತಾರೆ.

ಇದೆಲ್ಲ ಶುರುವಾದದ್ದು ಮೊದಲನೇ ಮಹಾಯುದ್ಧ ಮುಗಿದ ಮೇಲೆ. ಊರಿಗೆ ಮರಳಿದ ಅಮೆರಿಕದ ಸೈನಿಕರ ಸಂಘಗಳು, ಸೈನ್ಯದಲ್ಲಿ ಮಿಕ್ಕಿದ್ದ ಡ್ರಮ್ಮು ಕಹಳೆಗಳನ್ನು ತಂದು ಮೆರವಣಿಗೆಗೆ ತಂಡ ಕಟ್ಟಿಕೊಂಡವು. ಆಮೇಲೆ ಊರಿನ ಹುಡುಗರಿಗೂ ತಂಡ ಮಾಡಿಕೊಟ್ಟವು. ಹುಡುಗರು ಬೆಳೆದಂತೆ ದೊಡ್ಡವರ ನಿಯಮಗಳು ಬಿಗಿಯಾಗತೊಡಗಿದವು. ಕೊನೆಗೆ ತಂಡಗಳೇ ಸೇರಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಅಂತ ಬೇರೆ ಒಲೆ ಹೂಡಿದವು. 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್ ಎಂಬ ಊರಿನಲ್ಲಿ ಅವರ ಮೊದಲ ಚಾಂಪಿಯನ್‌ಶಿಪ್ ನಡೆಯಿತು. ಈಗ ಫೈನಲ್ಸ್ ನಡೆಯುವುದು ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಸ್ಟೇಡಿಯಂನಲ್ಲಿ. ಹೆಸರಿನಲ್ಲಿ ಬ್ಯೂಗಲ್ ಉಳಿದಿದೆ, ಕೈಯಲ್ಲಿ ಇಲ್ಲ. ನನ್ನ ಮಗಳದು ಮೆಲೊಫೋನ್. ಶಾಲೆಯಲ್ಲಿ ಫ್ರೆಂಚ್ ಹಾರ್ನ್ ಕಲಿಯುತ್ತಿದ್ದಳು. ಅದರ ಬಾಯಿ ಹಿಂದಕ್ಕೆ, ಇದರ ಬಾಯಿ ಮುಂದಕ್ಕೆ. ಮನೆಯಲ್ಲಿ ಅವಳು ಅಭ್ಯಾಸ ಮಾಡುವಾಗ ಎದುರು ಕೂರದಿರುವುದು ಒಳ್ಳೆಯದು ಅಂತ ಅರ್ಥ.

ಜುಲೈನಲ್ಲಿ ಒಂದು ವಾರ ರಜೆ ಹಾಕಿ ನಾನು ತಂಡದ ಅಡುಗೆ ಲಾರಿಗೆ ಸೇರಿಕೊಂಡೆ. ಇದನ್ನು ಕೇಳಿ ಹೆಂಡತಿ ನಕ್ಕ ನಗು ಇನ್ನೂ ಮುಗಿದಿಲ್ಲ. ಉದ್ದನೆಯ ಟ್ರೇಲರ್ ಒಂದರೊಳಗೆ ಒಲೆ, ಫ್ರಿಜ್ಜು, ಸಿಂಕು ಎಲ್ಲ ಕೂರಿಸಿರುತ್ತಾರೆ. ಮಕ್ಕಳು, ಮೇಷ್ಟ್ರುಗಳು, ಬಸ್ಸು ಓಡಿಸುವವರು ಎಲ್ಲ ಸೇರಿ 200ರ ಮೇಲೆ ತಲೆ. ದಿನಕ್ಕೆ ನಾಲ್ಕು ಪಂಕ್ತಿ. ನಾಲ್ಕನೆಯದು ರಾತ್ರಿ ಶೋ ಮುಗಿದ ಮೇಲೆ, ಪಾರ್ಕಿಂಗ್ ಲಾಟಿನಲ್ಲಿ. ಎರಡೂವರೆ ತಿಂಗಳು ಬಿಡದೆ ನಡೆಯುವ ಮದುವೆ ಅಂದುಕೊಳ್ಳಿ, ದಿನಾ ಬೇರೆ ಛತ್ರ. ಅಡುಗೆಯವರೆಲ್ಲ ನನ್ನಂಥ ಅಪ್ಪ ಅಮ್ಮಂದಿರೇ. ಮೊದಲ ದಿನವೇ ನಾನು ಒಂದು ದೊಡ್ಡ ಪಾತ್ರೆ ಓಟ್‌ಮೀಲ್ ತಳ ಹಿಡಿಸಿದೆ. ಮಕ್ಕಳು ಅದನ್ನೂ ತಿಂದರು. ಒಬ್ಬ ಎರಡನೇ ಸಲ ಬಂದು ಹಾಕಿಸಿಕೊಂಡ. ಹಸಿವು ಅಂದರೆ ಏನು ಅಂತ ಆವತ್ತು ಗೊತ್ತಾಯಿತು.

ಹಸಿವು ಯಾಕೆ ಬರಬಾರದು ಹೇಳಿ. ರಾತ್ರಿ ಬಸ್ಸಿನಲ್ಲಿ ಮುನ್ನೂರು ನಾನ್ನೂರು ಮೈಲಿ ಬರುತ್ತಾರೆ. ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಯಾವುದೋ ಶಾಲೆಯ ಜಿಮ್ ಬಾಗಿಲು ತೆಗೆಯುತ್ತದೆ. ದಿಂಬು ಬಗಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿಕೊಂಡೇ ಒಳಗೆ ಹೋಗಿ ನೆಲದ ಮೇಲೆ ಬೀಳುತ್ತಾರೆ. ಎದ್ದರೆ ಮೈದಾನ. 38 ಡಿಗ್ರಿ ಬಿಸಿಲು. ಪ್ರತಿಯೊಬ್ಬರ ಹತ್ತಿರ ಒಂದು ಗ್ಯಾಲನ್ ನೀರಿನ ಜಗ್ಗು. ಸಾಕ್ಸಿನ ಗೆರೆಯಿಂದ ಕೆಳಗೆ ಮಗಳ ಪಾದ ಹಾಲಿನ ಹಾಗೆ, ಮೇಲೆ ಕಾಲು ಕಾಫಿ ಡಿಕಾಕ್ಷನ್ ಹಾಗೆ. ವಿಡಿಯೊ ಕಾಲ್‌ನಲ್ಲಿ ನನ್ನ ಅಮ್ಮ ಅದನ್ನು ನೋಡದ ಹಾಗೆ ಫೋನನ್ನು ಬಹಳ ಹುಷಾರಾಗಿ ಹಿಡಿದಿದ್ದೆ.

ಈಗ ಡಾಟ್ ವಿಷಯ. ನನಗೆ ಜಾಸ್ತಿ ಇಷ್ಟವಾದದ್ದು ಅದೇ. ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಐದೈದು ಗಜಕ್ಕೆ ಒಂದು ಬಿಳಿ ಗೆರೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಸರಿಯಾಗಿ ಎಂಟು ಹೆಜ್ಜೆ. ಅಂದರೆ ಹೆಜ್ಜೆಗೆ 22.5 ಇಂಚು. ಆರಡಿ ಹುಡುಗನಿಗೂ ಅಷ್ಟೇ, ಐದಡಿ ಇಲ್ಲದ ನನ್ನ ಮಗಳಿಗೂ ಅಷ್ಟೇ. ಪ್ರತಿಯೊಬ್ಬರ ಸೊಂಟದಲ್ಲೂ ದಾರ ಕಟ್ಟಿದ ಒಂದು ಪುಟ್ಟ ಪುಸ್ತಕ ನೇತಾಡುತ್ತದೆ. ನಮ್ಮೂರ ಕಿರಾಣಿ ಅಂಗಡಿಯ ಸಾಲದ ಪುಸ್ತಕದಷ್ಟೇ ಇದೆ, ಅಷ್ಟೇ ಕೊಳೆಯಾಗಿದೆ. ಹತ್ತು ಹನ್ನೆರಡು ನಿಮಿಷದ ಶೋನಲ್ಲಿ ಆ ಮಗು ಯಾವ ಎಣಿಕೆಗೆ ಎಲ್ಲಿರಬೇಕು ಅಂತ ಅದರಲ್ಲಿ ಸಾಲಾಗಿ ಬರೆದಿರುತ್ತದೆ. ಬೇರೆಯವರ ಲೆಕ್ಕ ಅದರಲ್ಲಿ ಇಲ್ಲ. ತನ್ನದು ಮಾತ್ರ. ಒಟ್ಟು ಚಿತ್ರ ಏನಾಗುತ್ತಿದೆ ಅಂತ ಒಳಗಿದ್ದವರಿಗೆ ಕಾಣುವುದೂ ಇಲ್ಲ. ತಾನು ತನ್ನ ಚುಕ್ಕಿಯಲ್ಲಿ ನಿಂತರೆ ಆಯಿತು. ಮೇಲೆ ಕೂತವರಿಗೆ ವೃತ್ತ ಕಾಣುತ್ತದೆ, ಅದು ಸುರುಳಿಯಾಗುತ್ತದೆ, ಸುರುಳಿ ಒಡೆದು ಎರಡು ಸಾಲು ಒಂದರೊಳಗೊಂದು ಹಾದುಹೋಗುತ್ತವೆ. ನನ್ನ ಅಮ್ಮನ ಚುಕ್ಕಿ ರಂಗೋಲಿ ನೆನಪಾಯಿತು. ಇಲ್ಲಿ ಚುಕ್ಕಿಗಳೇ ಎದ್ದು ಓಡಾಡುತ್ತವೆ.

ಚಿಕ್ಕಂದಿನಲ್ಲಿ ಮೈಸೂರು ದಸರೆಯ ಪಂಜಿನ ಕವಾಯತಿಗೆ ಬನ್ನಿಮಂಟಪಕ್ಕೆ ಅಪ್ಪ ಕರೆದುಕೊಂಡು ಹೋಗುತ್ತಿದ್ದರು. ಪೊಲೀಸ್ ಬ್ಯಾಂಡಿನ ಹಿತ್ತಾಳೆ ದೀಪದಲ್ಲಿ ಹೊಳೆಯುವುದನ್ನು ನೋಡಿ ನಾನೂ ದೊಡ್ಡವನಾಗಿ ಅದನ್ನೇ ಊದಬೇಕು ಅಂತಿದ್ದೆ. ಆಗಲಿಲ್ಲ. ಶಾಲೆಯಲ್ಲಿ ಆಗಸ್ಟ್ ಹದಿನೈದಕ್ಕೆ ಎಡ ಬಲ ಹಾಕುವಾಗಲೇ ಪಿಟಿ ಮೇಷ್ಟ್ರು ನನ್ನನ್ನು ಕೊನೆಯ ಸಾಲಿಗೆ ಹಾಕಿದ್ದರು. ಎಡ ಬಲದ ಗೊಂದಲ ನನಗೆ ಹುಟ್ಟಿನಿಂದ ಬಂದದ್ದು. ಅದರ ಕಥೆ ಮುಂದಿದೆ.

ಅಭ್ಯಾಸ ನಡೆಯುವಾಗ ಎತ್ತರದ ಅಟ್ಟಣಿಗೆಯ ಮೇಲೆ ನಿಂತು ಮೇಷ್ಟ್ರು ಮೈಕಿನಲ್ಲಿ “ರಿಸೆಟ್” ಅನ್ನುತ್ತಾರೆ. ಮಕ್ಕಳು ಹೊರಟ ಜಾಗಕ್ಕೆ ನಡೆದುಕೊಂಡು ಹೋಗುವುದಿಲ್ಲ, ಓಡುತ್ತಾರೆ. ಬೆನ್ನು ಬಾಗಿಸುವ ಟ್ಯೂಬಾ ಹೊತ್ತವರೂ ಓಡುತ್ತಾರೆ. ಆಮೇಲೆ “ಒನ್ ಮೋರ್ ಟೈಮ್”. ಮದುವೆ ಮನೆಯಲ್ಲಿ “ಒಂದೇ ಒಂದು ಸೌಟು” ಅಂತ ಬಡಿಸುತ್ತಾರಲ್ಲ, ಅಂಥದ್ದೇ ಸುಳ್ಳು. ಎಂಟು ಎಣಿಕೆಯ ಒಂದು ತುಣುಕನ್ನು ಒಂದು ಮಧ್ಯಾಹ್ನ ನಾನು ಲೆಕ್ಕ ಇಟ್ಟೆ. 31 ಸಲ. 32ನೆಯದಕ್ಕೆ ನನ್ನನ್ನು ಟೊಮೆಟೊ ಹೆಚ್ಚಲು ಕರೆದರು. ಮನೆಯಲ್ಲಿ ಒಂದು ಮಾತನ್ನು ಎರಡನೇ ಸಲ ಹೇಳಿದರೆ “ಅಪ್ಪಾ, ಕೇಳಿಸ್ತು” ಅಂತ ರೇಗುವ ಹುಡುಗಿ ಅಲ್ವಾ ಇದು?

ಇನ್ನೊಂದು ಸಂಗತಿ ನನ್ನೊಳಗಿನ ಇಂಜಿನಿಯರ್‌ಗೆ ತುಂಬಾ ಹಿಡಿಸಿತು. ಮೈದಾನದ ಅಗಲ ಸುಮಾರು 49 ಮೀಟರ್. ಹಿಂದಿನ ಅಂಚಿನಲ್ಲಿ ಬಡಿದ ಡ್ರಮ್ಮಿನ ಸದ್ದು ಮುಂದಿನ ಅಂಚಿಗೆ ಬರಲು ಸೆಕೆಂಡಿನ ಏಳನೇ ಒಂದು ಭಾಗ ಬೇಕು. ಬರೀ ಅಷ್ಟೇ ತಾನೇ ಅನ್ನಬೇಡಿ. ನಿಮಿಷಕ್ಕೆ 180 ತಾಳದ ವೇಗದಲ್ಲಿ ಅದು ಅರ್ಧ ತಾಳದ ಹತ್ತಿರ ಹೋಗುತ್ತದೆ. ಎಲ್ಲರೂ ಮುಂದೆ ನಿಂತು ಕೈಬೀಸಿ ತಾಳ ತೋರಿಸುವವರ ಕೈಯನ್ನೇ ನೋಡಿ ಬಾರಿಸಿದರೆ ಕೂತವರ ಕಿವಿಗೆ ಎಲ್ಲ ಚಿಂದಿ. ಹಾಗಾಗಿ ಮುಂದಿನ ಅಂಚಿನಲ್ಲಿ ನಿಂತು ಮರದ ಪಟ್ಟಿಗಳ ಮರಿಂಬಾ ಬಾರಿಸುವ, ‘ಪಿಟ್’ ಅಂತ ಕರೆಯುವ ಗುಂಪಿನ ಮಕ್ಕಳು ಎದುರಿಗೆ ನೋಡುವುದನ್ನು ಬಿಟ್ಟು, ಹಿಂದಿನಿಂದ ಬರುವ ಸದ್ದಿಗೆ ಕಿವಿ ಕೊಟ್ಟು ಅದರ ಮೇಲೆ ತಮ್ಮದನ್ನು ಕೂರಿಸಬೇಕು. ‘ಲಿಸನ್ ಬ್ಯಾಕ್’ ಅನ್ನುತ್ತಾರೆ. ಹಿಂದೆ ಇರುವವರು ಮಾತ್ರ ಹಾಗೆ ಮಾಡಿದರೆ ಕೆಟ್ಟಿತು, ಅವರು ಕೈಯನ್ನೇ ನೋಡಬೇಕು. ಯಾರು ಕಣ್ಣನ್ನು ನಂಬಬೇಕು, ಯಾರು ಕಿವಿಯನ್ನು ನಂಬಬೇಕು ಅನ್ನುವುದು ನಿಂತ ಜಾಗದ ಮೇಲೆ. ಅದೂ ಜಾಗ ಬದಲಾಗುತ್ತಲೇ ಇರುವಾಗ. ನಾನು ಇದನ್ನು ಆಫೀಸಿನಲ್ಲಿ ಉತ್ಸಾಹದಿಂದ ವಿವರಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಅಂಕ ಕೊಡುವುದು ನೂರಕ್ಕೆ. ಬಿಂದುವಿನ ಆಚೆ ಮೂರು ಅಂಕಿ. 1999ರ ಫೈನಲ್ಸ್‌ನಲ್ಲಿ ನಮ್ಮ ಕಡೆಯ ಆ ಎರಡೂ ತಂಡಗಳಿಗೆ 98.400 ಬಂದು, ಕಿರೀಟ ಹಂಚಿಕೊಂಡಿದ್ದವು. ಆ ರಾತ್ರಿಯ ಬಗ್ಗೆ ಇಲ್ಲಿನ ಹಳಬರು ಇನ್ನೂ ಮಾತಾಡುತ್ತಾರೆ. ಅಂಕದ ಹುಚ್ಚು ಮಾತ್ರ ನನಗೆ ಹತ್ತಲಿಲ್ಲ. ನಮ್ಮ ಮಕ್ಕಳಿಗೆ ಮೂರನೇ ಅಂಕಿಯಲ್ಲಿ ಏನು ಕಡಿಮೆಯಾಯಿತು ಅಂತ ಪಕ್ಕದ ಅಪ್ಪ ವಿವರಿಸಲು ಬಂದರೆ, ಒಲೆ ಮೇಲೆ ಏನೋ ಇಟ್ಟಿದ್ದೇನೆ ಅಂತ ಎದ್ದು ಹೋಗುತ್ತಿದ್ದೆ.

ವಾರದ ಕೊನೆಗೆ ಸ್ಯಾನ್ ಆಂಟೋನಿಯೊದ ಅಲಾಮೊಡೋಮ್‌ನಲ್ಲಿ ಶೋ. ಅಡುಗೆಯವರಿಗೂ ಟಿಕೆಟ್ ಕೊಟ್ಟಿದ್ದರು. ಕೈಯಲ್ಲಿ ಬೆಳ್ಳುಳ್ಳಿ ವಾಸನೆ ಇಟ್ಟುಕೊಂಡೇ ಹೋಗಿ ಮೇಲಿನ ಸಾಲಿನಲ್ಲಿ ಕೂತೆ. ತಂಡ ಒಳಗೆ ಬಂತು. ಬೆಳಿಗ್ಗೆ ಹರಕು ಟೀ ಷರ್ಟಿನಲ್ಲಿ ಸಾಲು ನಿಂತು ಮೊಟ್ಟೆ ಹಾಕಿಸಿಕೊಂಡ ಮಕ್ಕಳೇ ಇವರು. ಈಗ 165 ಜನಕ್ಕೂ ಒಂದೇ ನಿಲುವು, ಊದುವವರಿಗೆಲ್ಲ ಒಂದೇ ಟೋಪಿ, ಟೋಪಿಯ ಕೆಳಗೆ ಒಂದೇ ಮುಖ. ನಾನು ಫೋನ್ ತೆಗೆದು ವಿಳಾಸ ನೋಡಿದೆ. 45, ಎರಡು ಹೆಜ್ಜೆ ಹೊರಗೆ, ಹ್ಯಾಷ್‌ನಿಂದ ಆರು ಹಿಂದೆ. ಸಿಕ್ಕಳು! ಮೆಲೊಫೋನ್ ಹಿಡಿದು ಕಲ್ಲಿನ ಹಾಗೆ ನಿಂತಿದ್ದಳು.

ಒಮ್ಮೆ ಹಿಡಿದ ಕಣ್ಣು ಬಿಡಲಿಲ್ಲ. ಹಿಂದಕ್ಕೆ ನಡೆದಳು, ಹಿಂದೆ ಏನಿದೆ ಅಂತ ಒಮ್ಮೆಯೂ ತಿರುಗಿ ನೋಡದೆ. ಬಾವುಟಗಳ ನಡುವೆ ನುಸುಳಿದಳು. ಒಂದು ಕಡೆ ಮಂಡಿಯೂರಿ ಊದಿದಳು, ಎದ್ದು ಓಡಿದಳು, ಓಡುತ್ತಲೇ ಊದಿದಳು, ಮೇಲಿನ ಅರ್ಧ ದೇಹ ತುಂಬಿದ ಕೊಡ ಹೊತ್ತ ಹಾಗೆ ಅಲುಗಲಿಲ್ಲ. ಕೊನೆಯಲ್ಲಿ ಎಲ್ಲ ಹಿತ್ತಾಳೆಯೂ ನಮ್ಮ ಕಡೆ ತಿರುಗಿ ಒಟ್ಟಿಗೆ ಬಾಯಿ ತೆರೆದಾಗ ಸದ್ದು ಎದೆಗೆ ಬಂದು ಬಡಿಯಿತು. ಪಕ್ಕದಲ್ಲಿದ್ದ ಅಪರಿಚಿತರ ತೋಳು ಹಿಡಿದುಕೊಂಡು “ಅವಳು ನನ್ನ ಮಗಳು” ಅಂತ ಕನ್ನಡದಲ್ಲೇ ಹೇಳಿಬಿಟ್ಟೆ. ಅವರು ತಲೆಯಾಡಿಸಿದರು.

ರಾತ್ರಿ ಹನ್ನೊಂದೂವರೆಗೆ ಪಾರ್ಕಿಂಗ್ ಲಾಟಿನಲ್ಲಿ ಮಗಳು ಬೆವರು ಒರೆಸಿಕೊಳ್ಳುತ್ತಾ ತಟ್ಟೆ ಹಿಡಿದು ಬಂದಳು. ತಟ್ಟೆಗೆ ಪಾಸ್ತಾ ಹಾಕುತ್ತಾ ನೋಡಿದ್ದನ್ನೆಲ್ಲ ಹೇಳಿದೆ. ಆ ಮಂಡಿಯೂರುವ ಜಾಗ, ಬಾವುಟದ ನಡುವೆ ನುಸುಳಿದ್ದು, ಎಲ್ಲ.

ಅವಳು ಅಗಿಯುವುದನ್ನು ನಿಲ್ಲಿಸಿದಳು. “ಅಪ್ಪಾ, ನಾನು ಮಂಡಿಯೂರುವುದೇ ಇಲ್ಲ. ನೀವು ಯಾವ ಕಡೆಯ 45 ನೋಡಿದಿರಿ?”

ಯಾವ ಕಡೆ ಅಂದರೆ?

“ಮಧ್ಯದ 50ರ ಎಡಕ್ಕೊಂದು 45, ಬಲಕ್ಕೊಂದು 45. ನಂದು ನಿಮ್ಮ ಎಡಗಡೆದು.”

ನಾನು ನೋಡಿದ್ದು ಬಲಗಡೆಯದು. ಅವಳು ಕತ್ತು ತಿರುಗಿಸಿ, ಬಸ್ಸಿನ ಚಕ್ರಕ್ಕೆ ಒರಗಿ ಬೂಟು ಬಿಚ್ಚುತ್ತಿದ್ದ ಒಬ್ಬನನ್ನು ತೋರಿಸಿದಳು. ಕುರುಚಲು ಗಡ್ಡದ, ಅವಳಿಗಿಂತ ಒಂದಡಿ ಎತ್ತರದ ಹುಡುಗ. “ಅವನು. ಈ ವರ್ಷ ಏಜ್ ಔಟ್.” ಆಮೇಲೆ ನಗಲು ಶುರು ಮಾಡಿದವಳು ಪಾಸ್ತಾ ಮುಗಿಯುವವರೆಗೂ ನಗುತ್ತಿದ್ದಳು. ಅಮ್ಮನಿಗೆ ಹೇಳಬೇಡ ಅಂದೆ. ಆಗಲೇ ಮೆಸೇಜ್ ಕಳಿಸಿಯಾಗಿತ್ತು.

ಮರುದಿನ ಬೆಳಿಗ್ಗೆ ಇನ್ನೊಂದು ಊರು, ಇನ್ನೊಂದು ಶಾಲೆ. ಪ್ಯಾನ್‌ಕೇಕ್ ಸಾಲಿನಲ್ಲಿ ಆ ಹುಡುಗ ಬಂದ. ಕಣ್ಣು ಇನ್ನೂ ಪೂರ್ತಿ ತೆರೆದಿರಲಿಲ್ಲ. ತಲಾ ಮೂರು ಅಂತ ಲೆಕ್ಕ ಕೊಟ್ಟಿದ್ದರು. ನಾನು ಐದು ಹಾಕಿದೆ.

“ಥ್ಯಾಂಕ್ ಯೂ ಸರ್” ಎಂದ. ತಟ್ಟೆ ನೋಡಿದ, ನನ್ನ ಮುಖ ನೋಡಿದ. ಹಿಂದೆ ಸಾಲು ಉದ್ದ ಇತ್ತು, ಮುಂದಕ್ಕೆ ಹೋದ.